ರೊಟ್ಟಿ ಊಟದ ಎದುರು ವೈನಿನ ಪರೀಕ್ಷೆ

ಒಂದು ವೈನ್ ಎಷ್ಟು ಒಳ್ಳೆಯದು ಎಂಬುದನ್ನು ಎರಡು ಬಗೆಯಲ್ಲಿ ಪರೀಕ್ಷಿಸಬಹುದು. ಗ್ಲಾಸಿನಲ್ಲಿರುವುದನ್ನಷ್ಟೇ ನೋಡಿ, ಮೂಸಿ, ಬಾಯಾಡಿಸಿ ಅಂಕ ಹಾಕುವುದು ಒಂದು ಬಗೆ. ಊಟದ ಜೊತೆಗಿಟ್ಟು, ತುತ್ತಿಗೂ ಗುಟುಕಿಗೂ ಹೊಂದಾಣಿಕೆ ಹೇಗಿದೆ ಎಂದು ನೋಡುವುದು ಇನ್ನೊಂದು. ಜಗತ್ತಿನ ದೊಡ್ಡ ವೈನ್ ಸ್ಪರ್ಧೆಗಳಲ್ಲಿ ಹೆಚ್ಚಿನವು ಮೊದಲ ದಾರಿ ಹಿಡಿದಿವೆ. ಆದರೆ ಫ್ರಾನ್ಸ್, ಇಟಲಿಯಂಥ ವೈನಿನ ಹಳೆಯ ನಾಡುಗಳಲ್ಲಿ ಅದು ಊಟದ ಮೇಜಿನ ಪಾನೀಯ. ಬಳಕೆಯ ದೃಷ್ಟಿಯಿಂದ ನೋಡಿದರೆ ಎರಡನೆಯ ಪರೀಕ್ಷೆಯೇ ಹೆಚ್ಚು ನ್ಯಾಯವಾದದ್ದು.

ಎರಡರ ಫಲಿತಾಂಶವೂ ಒಂದೇ ಆಗಬೇಕೆಂದಿಲ್ಲ. ಒಂಟಿಯಾಗಿ ಕುಡಿದಾಗ ಗಟ್ಟಿ, ಘನ ಎನಿಸಿದ ಕೆಂಪು ವೈನ್ ಖಾರದ ಪಲ್ಯದ ಮುಂದೆ ಬರೀ ಕಹಿಯಾಗಿ ಉಳಿಯಬಹುದು. ತೆಳು, ಹುಳಿ ಎಂದು ಪಕ್ಕಕ್ಕಿಟ್ಟ ಬಿಳಿ ವೈನ್ ಅದೇ ಊಟಕ್ಕೆ ಚೆನ್ನಾಗಿ ಒಗ್ಗಬಹುದು. ಯುರೋಪಿನಲ್ಲಿ ರೂಪುಗೊಂಡ ಹೊಂದಾಣಿಕೆಯ ಸೂತ್ರಗಳು ಅಲ್ಲಿನ ಅಡುಗೆಯನ್ನು ಮುಂದಿಟ್ಟುಕೊಂಡು ಹುಟ್ಟಿದವು. ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರದ ಊಟಕ್ಕೆ ಅವು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ರುಚಿಯ ಮೂಲತತ್ತ್ವಗಳಿಂದಲೇ ಪರಿಶೀಲಿಸಬೇಕಾಗುತ್ತದೆ.

ಬುಕ್ಕಸಾಗರದ ತಟ್ಟೆ, ಹಂಪಿ ಗುಡ್ಡದ ದ್ರಾಕ್ಷಿ

ಬುಕ್ಕಸಾಗರ ಹಂಪಿಯ ಪೂರ್ವಕ್ಕೆ, ತುಂಗಭದ್ರೆಯ ದಕ್ಷಿಣ ದಂಡೆಯ ಊರು. ಸೇತುವೆ ದಾಟಿದರೆ ಕಡೇಬಾಗಿಲು, ಆನೆಗೊಂದಿ ಸೀಮೆ. ವಿಜಯನಗರ ಕಾಲದ ಕಾಲುವೆಗಳ ನೀರುಂಡು ಬೆಳೆಯುವ ಬಾಳೆ, ಭತ್ತ, ಕಬ್ಬು ಈ ದಂಡೆಯ ಗುರುತು. ತಗ್ಗಿನಲ್ಲಿ ಭತ್ತವಿದ್ದರೂ ಸುತ್ತಲಿನ ಊಟ ಬಯಲುಸೀಮೆಯದೇ: ಜೋಳದ ಅಥವಾ ಸಜ್ಜೆಯ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಪುಡಿ, ಗುರೆಳ್ಳು ಪುಡಿ, ಕೆಂಪು ಖಾರ, ಗಟ್ಟಿ ಮೊಸರು, ಕೊನೆಗೆ ಅನ್ನ ಸಾರು. ಹೊಸಪೇಟೆ, ಸಂಡೂರು, ಕಂಪ್ಲಿಯ ಹೋಟೆಲುಗಳಲ್ಲಿ ಬೆಳಗಾದರೆ ಒಗ್ಗರಣಿ ಮಿರ್ಚಿ. ಮಾಂಸಾಹಾರಿಗಳ ಮನೆಯಲ್ಲಿ ಮಟನ್ ಸಾರು, ಖೈಮಾ, ಜಲಾಶಯದ ಮೀನಿನ ಹುಳಿ.

ದ್ರಾಕ್ಷಿಯೂ ಈ ಸೀಮೆಗೆ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪಟ್ಟಣದ ಪೇಟೆಯ ಬೆಲೆಗಳನ್ನು ಬರೆದಿಟ್ಟಿದ್ದಾನೆ. ಒಂದು ಫಣಕ್ಕೆ ಹತ್ತು ದಾಳಿಂಬೆ, ಮೂರು ಗೊಂಚಲು ದ್ರಾಕ್ಷಿ ಎಂಬುದು ಅವನ ಲೆಕ್ಕ. ಅದು ತಿನ್ನುವ ಹಣ್ಣಿನ ಮಾತು. ವೈನ್ ದ್ರಾಕ್ಷಿ ಬಂದದ್ದು ತೀರ ಈಚೆಗೆ. ನಂದಿ ಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ ಗ್ರೋವರ್ ವಿನ್‌ಯಾರ್ಡ್ಸ್, ಫ್ರೆಂಚ್ ತಳಿಗಳನ್ನು ಕರ್ನಾಟಕದಲ್ಲಿ ಬೆಳೆದು ವೈನ್ ಮಾಡಬಹುದೆಂದು ತೋರಿಸಿತು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನು ತಂದಿತು. ಅದರ ಬೆನ್ನಿಗೇ ವೈನ್ ಮಂಡಳಿಯೂ ಬಂತು. ಅದೇ ದಶಕದ ಕೊನೆಯ ಹೊತ್ತಿಗೆ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ದಂಪತಿಯ ಕೆಆರ್‌ಎಸ್‌ಎಂಎ ಎಸ್ಟೇಟ್ಸ್ ಕೊಪ್ಪಳ ಜಿಲ್ಲೆಯ ಗುಡ್ಡಗಾಡಿನಲ್ಲಿ ಬಳ್ಳಿ ನೆಟ್ಟಿತು. ಕ್ಯಾಬರ್ನೆ ಸಾವಿನ್ಯೋನ್, ಸಾಂಜೊವೇಸೆ, ಸಾವಿನ್ಯೋನ್ ಬ್ಲಾಂಕ್ ಅಲ್ಲಿನ ಮುಖ್ಯ ತಳಿಗಳು. ಬಾಟಲಿಯ ಮೇಲೆ ಊರಿನ ಹೆಸರಾಗಿ ಬರುವುದು ‘ಹಂಪಿ ಹಿಲ್ಸ್’.

ವಿರೂಪಾಕ್ಷನ ಸನ್ನಿಧಿಯ ಹಂಪಿಯಲ್ಲಿ ಮದ್ಯ, ಮಾಂಸಕ್ಕೆ ಅವಕಾಶವಿಲ್ಲ. ವೈನೂ ಊಟವೂ ಒಂದೇ ಮೇಜಿಗೆ ಬರುವುದು ಏನಿದ್ದರೂ ಕಮಲಾಪುರ, ಹೊಸಪೇಟೆಗಳಲ್ಲಿ.

ಅಂಕ ಹಾಕುವ ಪದ್ಧತಿ

ವೈನಿಗೆ ಅಂಕ ಕೊಡುವ ಶಿಸ್ತು ಬೆಳೆದದ್ದು ಪ್ರಯೋಗಾಲಯದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಮೇನಾರ್ಡ್ ಅಮೆರಿನ್ ಮತ್ತು ಸಂಗಡಿಗರು 1959ರಲ್ಲಿ 20 ಅಂಕಗಳ ಪಟ್ಟಿ ರೂಪಿಸಿದರು. ವೈನಿನಲ್ಲಿ ತಯಾರಿಕೆಯ ದೋಷವೇನಾದರೂ ಇದೆಯೇ ಎಂದು ಹಿಡಿಯುವುದು ಅದರ ಮುಖ್ಯ ಉದ್ದೇಶ. ಬಣ್ಣಕ್ಕಿಷ್ಟು, ವಾಸನೆಗಿಷ್ಟು, ಹುಳಿಗಿಷ್ಟು ಎಂದು ಅಂಕ ಹಂಚಲಾಗಿತ್ತು. 1978ರಲ್ಲಿ ರಾಬರ್ಟ್ ಪಾರ್ಕರ್ ತನ್ನ ಪತ್ರಿಕೆಯ ಮೂಲಕ 100 ಅಂಕಗಳ ಪದ್ಧತಿಯನ್ನು ಗ್ರಾಹಕರ ಕೈಗೇ ಕೊಟ್ಟ ಮೇಲೆ, ಅಂಕವೇ ಬೆಲೆ ನಿರ್ಧರಿಸುವ ಮಟ್ಟಕ್ಕೆ ಬಂತು. ಅದಕ್ಕೂ ಮೊದಲು, 1976ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಹೆಸರಾಂತ ಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯಾದ ವೈನುಗಳು ಫ್ರಾನ್ಸಿನ ಘಟಾನುಘಟಿಗಳನ್ನು ಹಿಂದಿಕ್ಕಿದ್ದವು. ಅಲ್ಲಿಯೂ ತೀರ್ಪು ಬಂದದ್ದು ಗ್ಲಾಸಿನಿಂದ, ಊಟದ ತಟ್ಟೆಯಿಂದಲ್ಲ.

ಒಂಟಿ ಪರೀಕ್ಷೆಗೆ ಅದರದೇ ಆದ ಓರೆ ಇದೆ. ಒಂದು ಬೆಳಗಿನಲ್ಲಿ ಹತ್ತಾರು ವೈನುಗಳನ್ನು ಬಾಯಾಡಿಸಿ ಉಗುಳುವ ತೀರ್ಪುಗಾರನ ನಾಲಿಗೆ ದಣಿಯುತ್ತದೆ. ಆಗ ಗಮನ ಸೆಳೆಯುವುದು ಹೆಚ್ಚು ಮದ್ಯಸಾರದ, ದಟ್ಟ ಬಣ್ಣದ, ಓಕ್ ಪೀಪಾಯಿಯ ವಾಸನೆ ಎದ್ದು ಕಾಣುವ ವೈನು. ಊಟದ ಜೊತೆ ತೊಡಕು ಕೊಡುವುದೂ ಹೆಚ್ಚಾಗಿ ಇವೇ ಗುಣಗಳು.

ಈ ಕೊರತೆ ತುಂಬುವ ಯತ್ನಗಳು ಏಷ್ಯಾದಲ್ಲಿ ನಡೆದಿವೆ. 2009ರಲ್ಲಿ ಶುರುವಾದ ಹಾಂಗ್‌ಕಾಂಗ್ ಅಂತರರಾಷ್ಟ್ರೀಯ ವೈನ್ ಮತ್ತು ಸ್ಪಿರಿಟ್ ಸ್ಪರ್ಧೆ ಮಾಮೂಲಿ ಪದಕಗಳ ಜೊತೆಗೆ ಪೀಕಿಂಗ್ ಬಾತುಕೋಳಿ, ಕುಂಗ್ ಪಾವ್ ಕೋಳಿ, ಡಿಮ್‌ಸಮ್‌ನಂಥ ತಿನಿಸುಗಳಿಗೆ ಒಗ್ಗುವ ವೈನುಗಳಿಗೂ ಪ್ರತ್ಯೇಕ ಪ್ರಶಸ್ತಿ ಇಟ್ಟಿತು. ಅಲ್ಲಿ ತೀರ್ಪುಗಾರರು ತಿನಿಸನ್ನು ಎದುರಿಗಿಟ್ಟುಕೊಂಡೇ ಅಂಕ ಹಾಕಿದರು.

ಆರು ರಸಗಳ ಲೆಕ್ಕ

ನಮ್ಮ ಪಾಕಶಾಸ್ತ್ರ, ವೈದ್ಯಶಾಸ್ತ್ರಗಳು ಎಣಿಸುವ ಆರು ರಸಗಳಲ್ಲಿ ಸಿಹಿ, ಹುಳಿ, ಕಹಿ, ಒಗರು ಈ ನಾಲ್ಕು ವೈನಿನಲ್ಲೇ ಇವೆ. ಉಪ್ಪು, ಖಾರ ಎರಡೂ ತಟ್ಟೆಯಿಂದ ಬರಬೇಕು. ಇವುಗಳ ಜೊತೆ ಎಣ್ಣೆಯನ್ನೂ, ಉಮಾಮಿ ಎಂದು ಕರೆಯುವ ಗ್ಲುಟಮೇಟ್ ರುಚಿಯನ್ನೂ ಸೇರಿಸಿಕೊಂಡರೆ ಹೊಂದಾಣಿಕೆಯ ಲೆಕ್ಕ ಬಹುತೇಕ ಪೂರ್ತಿಯಾಗುತ್ತದೆ. ಇಲ್ಲಿ ಪರಿಮಳಕ್ಕಿಂತ ಈ ಮೂಲರುಚಿಗಳ ಪಾತ್ರವೇ ದೊಡ್ಡದು.

ಮೊದಲು ಹುಳಿ. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್; ಹುಣಸೆಹಣ್ಣಿನ ಮುಖ್ಯ ಆಮ್ಲವೂ ಅದೇ. ಹುಳಿ ತಿಂದ ಬಾಯಿಗೆ ವೈನಿನ ಹುಳಿ ಕಡಿಮೆ ಅನ್ನಿಸುತ್ತದೆ. ಆದ್ದರಿಂದ ಹುಣಸೆ ರಸ ಬಿದ್ದ ಸಾರು, ಪುಂಡಿ ಪಲ್ಯ, ಮೀನಿನ ಹುಳಿಯ ಜೊತೆ ವೈನಿನಲ್ಲಿ ಕನಿಷ್ಠ ಅಷ್ಟೇ ಹುಳಿ ಇರಬೇಕು. ಇಲ್ಲದಿದ್ದರೆ ವೈನ್ ಸಪ್ಪೆಯಾಗಿ, ನೀರು ಬೆರೆಸಿದಂತೆ ಕಾಣುತ್ತದೆ. ಬಿಸಿಲ ಸೀಮೆಯ ದ್ರಾಕ್ಷಿಗೆ ಇದೇ ಕಷ್ಟದ ಪರೀಕ್ಷೆ. ಕರ್ನಾಟಕದ ವೈನ್ ದ್ರಾಕ್ಷಿ ತೋಟಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಮಳೆಗಾಲದ ನಂತರದ ಚಾಟನಿಯಿಂದ ಒಂದೇ ಫಸಲು ತೆಗೆಯುತ್ತಾರೆ. ಹಣ್ಣು ಕಟಾವಿಗೆ ಬರುವುದು ಬೇಸಿಗೆಯ ಹೊಸ್ತಿಲಲ್ಲಿ. ಬಿಸಿ ಏರಿದಂತೆ ಹಣ್ಣಿನಲ್ಲಿ ಸಕ್ಕರೆ ಬೇಗ ಕೂಡುತ್ತದೆ, ಮ್ಯಾಲಿಕ್ ಆಮ್ಲ ಉಸಿರಾಟದಲ್ಲಿ ಕರಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಮದ್ಯಸಾರ ಹೆಚ್ಚು, ಆಮ್ಲ ಇಳಿದಷ್ಟೂ ಊಟಕ್ಕೆ ಒಗ್ಗುವ ಶಕ್ತಿ ಕಡಿಮೆ. ಕಟಾವಿನ ದಿನವನ್ನು ಸರಿಯಾಗಿ ಹಿಡಿಯುವುದು, ಬೇಕಾದಲ್ಲಿ ಟಾರ್ಟಾರಿಕ್ ಆಮ್ಲ ಸೇರಿಸುವುದು ಬಿಸಿಲ ನಾಡಿನ ವೈನ್ ತಯಾರಕರ ರೂಢಿ.

ಉಪ್ಪು ವೈನಿಗೆ ಮಿತ್ರ. ಕಹಿಯನ್ನು ಅಡಗಿಸುವ ಗುಣ ಉಪ್ಪಿಗಿದೆ; ಹಾಗಾಗಿ ಉಪ್ಪು ಸರಿಯಾಗಿ ಬಿದ್ದ ಪದಾರ್ಥದ ನಂತರ ಕೆಂಪು ವೈನ್ ಮೃದುವಾಗಿ, ಹಣ್ಣಿನ ಸೊಗಡು ಹೆಚ್ಚಿದಂತೆ ತೋರುತ್ತದೆ. ಉಪ್ಪಿನಕಾಯಿಯಲ್ಲಿ ಉಪ್ಪು, ಹುಳಿ, ಖಾರ ಮೂರೂ ಅತಿಯಾಗಿರುವುದರಿಂದ ಅದನ್ನು ವೈನಿನ ಪರೀಕ್ಷೆಗೆ ಬಳಸದಿರುವುದೇ ಮೇಲು.

ಸಿಹಿ ಮತ್ತು ಉಮಾಮಿ ಉಪ್ಪಿಗೆ ತದ್ವಿರುದ್ಧ. ಸಿಹಿ ತಿಂದ ಬಾಯಿಗೆ ಒಣ ವೈನ್ ಇನ್ನಷ್ಟು ಹುಳಿ, ಇನ್ನಷ್ಟು ಕಹಿ. ಗೋಧಿ ಹುಗ್ಗಿ, ಶೇಂಗಾ ಹೋಳಿಗೆಯ ಜೊತೆ ನಿಲ್ಲಬೇಕಾದರೆ ವೈನ್ ತಿನಿಸಿಗಿಂತಲೂ ಸಿಹಿಯಾಗಿರಬೇಕು. ಟೊಮೆಟೊ, ಅಣಬೆ, ಹೆಚ್ಚು ಹೊತ್ತು ಬೆಂದ ಮಾಂಸ, ಸೋಯಾ ಸಾಸಿನಲ್ಲಿ ಉಮಾಮಿ ಹೇರಳ. ಅದೂ ಒಗರು, ಕಹಿಗಳನ್ನು ಎತ್ತಿ ತೋರಿಸುತ್ತದೆ. ಸಂಜೆಯ ಗಾಡಿಯ ಗೋಬಿ ಮಂಚೂರಿಯಲ್ಲಿ ಸೋಯಾ ಸಾಸ್, ಅಜಿನೊಮೊಟೊ, ಸಕ್ಕರೆ, ಖಾರ ನಾಲ್ಕೂ ಕೂಡುವುದರಿಂದ ಎಳೆಯ ಕೆಂಪು ವೈನಿಗೆ ಅದಕ್ಕಿಂತ ಕಠಿಣ ಎದುರಾಳಿ ಸಿಗುವುದು ಕಷ್ಟ.

ಖಾರ ಮತ್ತು ಮದ್ಯಸಾರ

ಖಾರ ನಾಲಿಗೆಯ ರುಚಿಮೊಗ್ಗುಗಳ ಅನುಭವವಲ್ಲ, ಉರಿಯ ಅನುಭವ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಬಿಸಿಯನ್ನು ಗುರುತಿಸುವ ನರತುದಿಗಳ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುತ್ತದೆ. ಮದ್ಯಸಾರವೂ ಇದೇ ಗ್ರಾಹಕವನ್ನು ಮುಟ್ಟುತ್ತದೆ. ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಎಚ್ಚರಗೊಳ್ಳುವ ಈ ಗ್ರಾಹಕ, ಮದ್ಯಸಾರ ತಾಗಿದಾಗ ಸುಮಾರು 34 ಡಿಗ್ರಿಗೇ ಎಚ್ಚರಗೊಳ್ಳುತ್ತದೆ ಎಂದು 2002ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದರೆ ಬಾಯಿಯ ಸಹಜ ಶಾಖವೇ ಉರಿಯಾಗಲು ಸಾಕು. ಖಾರದ ಊಟದ ಮೇಲೆ ಶೇಕಡ 14.5ರ ವೈನ್ ಕುಡಿದರೆ ಬೆಂಕಿಗೆ ತುಪ್ಪ ಸುರಿದಂತಾಗುವುದು ಇದಕ್ಕೇ.

ಎಲ್ಲ ಮೆಣಸಿನಕಾಯಿಯೂ ಒಂದೇ ತೂಕದ್ದಲ್ಲ. ಬ್ಯಾಡಗಿ ಹೆಚ್ಚು ಬಣ್ಣ, ಕಡಿಮೆ ಖಾರದ ತಳಿ. ಗುಂಟೂರು ಮೆಣಸಿನಕಾಯಿ ಉರಿಯಲ್ಲಿ ಮುಂದು. ಬ್ಯಾಡಗಿಯಲ್ಲೇ ಅರೆದ ಮಸಾಲೆ ಕಣ್ಣಿಗೆ ಕೆಂಡದಂತಿದ್ದರೂ ಸಾಧಾರಣ ಮದ್ಯಸಾರದ ಕೆಂಪು ವೈನಿಗೆ ಜಾಗ ಬಿಡುತ್ತದೆ. ಗುಂಟೂರು ಮೆಣಸಿನಕಾಯಿಯ ಖಾರಕ್ಕೆ ಬೇಕಾದದ್ದು ಕಡಿಮೆ ಮದ್ಯಸಾರದ, ಒಗರಿಲ್ಲದ, ತಣ್ಣಗಿನ, ತುಸು ಸಿಹಿ ಉಳಿದ ವೈನು. ಸಿಹಿ ಉರಿಯನ್ನು ತಗ್ಗಿಸುತ್ತದೆ. ಭಾರತದಲ್ಲಿ ಶೆನಿನ್ ಬ್ಲಾಂಕ್ ದ್ರಾಕ್ಷಿಯ ವೈನನ್ನು ಹಲವು ತಯಾರಕರು ಅರೆಸಿಹಿಯಾಗಿ ಮಾಡುವುದು ಈ ದೃಷ್ಟಿಯಿಂದ ಅನುಕೂಲವೇ. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಆಗುವ, ಅಂಗಡಿಗಳಲ್ಲಿ ‘ಪೋರ್ಟ್’ ಎಂದು ಮಾರುವ ಸಿಹಿ ಕೆಂಪು ವೈನನ್ನು ಬಲ್ಲವರು ಕಡೆಗಣಿಸುವುದುಂಟು. ಆದರೂ ಖಾರದ ಎದುರು ಉರಿಯಷ್ಟನ್ನೇ ಲೆಕ್ಕ ಹಾಕಿದರೆ ದುಬಾರಿ ಕ್ಯಾಬರ್ನೆಗಿಂತ ಅದು ಮೇಲಾಗಬಹುದು. ಅದರ ತೊಡಕಿರುವುದು ವಾಸನೆಯಲ್ಲಿ: ಲಾಬ್ರುಸ್ಕಾ ವಂಶದ ಈ ದ್ರಾಕ್ಷಿಯ ಗಾಢ ಸೊಗಡು ಒಗ್ಗರಣೆಯ ಘಮವನ್ನು ಮುಚ್ಚಿಬಿಡುತ್ತದೆ.

ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನಿನ ವಿಷಯದಲ್ಲಿ ಎಚ್ಚರ ಬೇಕು. ಕರಿದ ತಿಂಡಿಯ ಎಣ್ಣೆಯನ್ನು ಬಾಯಿಂದ ತೊಳೆಯುವುದರಲ್ಲಿ ಅದರ ಹುಳಿಯೂ ಗುಳ್ಳೆಯೂ ಸಮರ್ಥ. ಆದರೆ ಇಂಗಾಲದ ಡೈಆಕ್ಸೈಡ್ ಬಾಯಲ್ಲಿ ಆಮ್ಲವಾಗಿ ತಾನೇ ಚುಚ್ಚುತ್ತದೆ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿಯ ಮೊದಲ ಕಡಿತಕ್ಕೆ ಅದು ಹಿತವಾಗಿ, ಒಳಗಿನ ಮೆಣಸಿನಕಾಯಿಯ ಬೀಜ ಸಿಕ್ಕ ಕೂಡಲೇ ಅಹಿತವಾಗುವುದು ಇದರಿಂದಲೇ. ಅದೇ ತಟ್ಟೆಯ ಮಂಡಕ್ಕಿ ಒಗ್ಗರಣಿಗೆ ಮಾತ್ರ ಯಾವ ತಕರಾರೂ ಇಲ್ಲ.

ಒಗರು, ಎಣ್ಣೆ ಮತ್ತು ಮೊಸರು

ಕೆಂಪು ವೈನಿನ ಒಗರಿಗೆ ಕಾರಣ ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್. ಅದು ಜೊಲ್ಲಿನ ಪ್ರೊಟೀನುಗಳನ್ನು ಹಿಡಿದು ಗಟ್ಟಿಯಾಗಿಸುತ್ತದೆ. ಬಾಯಿಯ ಜಾರುಗುಣ ಹೋಗಿ ನಾಲಿಗೆ ಒಣಗಿದಂತಾಗುತ್ತದೆ. ಎಳೆ ಅಡಿಕೆ ಅಗಿದಾಗ ಆಗುವುದೂ ಇದೇ. ಊಟದಲ್ಲಿ ಬೇರೆ ಪ್ರೊಟೀನ್ ಇದ್ದರೆ ಟ್ಯಾನಿನ್ ಅದನ್ನು ಹಿಡಿಯುತ್ತದೆ, ಜೊಲ್ಲನ್ನು ಬಿಡುತ್ತದೆ. ಮಟನ್ ಸಾರಿನ ಜೊತೆ ಒಗರು ವೈನ್ ಮೆತ್ತಗಾಗುವುದರಲ್ಲಿ ಇದರ ಪಾಲಿದೆ. ಹಾಲಿನ ಕೇಸಿನ್ ಕೂಡ ಟ್ಯಾನಿನ್ನನ್ನು ಬಲವಾಗಿ ಹಿಡಿಯುತ್ತದೆ. ವೈನ್ ತಯಾರಕರು ಹೆಚ್ಚಾದ ಒಗರನ್ನು ತೆಗೆಯಲು ಕೇಸಿನ್ ಬಳಸುವುದುಂಟು. ರೊಟ್ಟಿ ಊಟದ ಗಟ್ಟಿ ಮೊಸರಲ್ಲಿರುವುದೂ ಅದೇ ಪ್ರೊಟೀನು. ಖಾರವನ್ನು ತಗ್ಗಿಸುವ ಮೊಸರು ಒಗರನ್ನೂ ತಗ್ಗಿಸುತ್ತದೆ.

ಎಣ್ಣೆಯ ಪಾತ್ರವನ್ನು 2021ರಲ್ಲಿ ಫ್ರಾನ್ಸಿನ ಬೋರ್ಡೊ ಸಂಶೋಧಕರು ಪರಿಶೀಲಿಸಿದರು. ಟ್ಯಾನಿನ್ ಕಣಗಳು ಎಣ್ಣೆಯ ಹನಿಗಳಿಗೂ ಅಂಟಿಕೊಳ್ಳುತ್ತವೆ. ಮೊದಲು ಒಂದು ಚಮಚ ಎಣ್ಣೆ ಬಾಯಿಗೆ ಬಿದ್ದರೆ ನಂತರದ ಒಗರು ಇಳಿಯುತ್ತದೆ ಎಂದು ಅವರು ಕಂಡುಕೊಂಡರು. ಮಾಂಸವಿಲ್ಲದ ಊಟಕ್ಕೆ ಕೆಂಪು ವೈನ್ ಸಲ್ಲದು ಎಂಬ ಮಾತನ್ನು ಈ ಫಲಿತಾಂಶ ಸಡಿಲಿಸುತ್ತದೆ.

ಎಣ್ಣೆಗಾಯಿಯನ್ನೇ ನೋಡಬಹುದು. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ ಕುಟ್ಟಿ, ಹುಣಸೆ ಹುಳಿಗೆ ಚೂರು ಬೆಲ್ಲ ಸೇರಿಸಿ, ಸೀಳಿದ ಎಳೆ ಬದನೆಯೊಳಗೆ ತುಂಬಿ ಎಣ್ಣೆಯಲ್ಲಿ ಬೇಯಿಸಿದ ಪಲ್ಯ ಇದು. ರೊಟ್ಟಿಯ ಚೂರಿನಲ್ಲಿ ಎತ್ತಿಕೊಂಡ ತುತ್ತು ಬಾಯಿಗೆ ಬಿದ್ದಾಗ ಮೊದಲು ಎಣ್ಣೆ ನಾಲಿಗೆಯನ್ನು ಸವರುತ್ತದೆ, ಆಮೇಲೆ ಶೇಂಗಾದ ಜಿಡ್ಡು, ಹಿಂದೆಯೇ ಹುಳಿ, ನುಂಗಿದ ಮೇಲೆ ನಿಧಾನಕ್ಕೆ ಖಾರ. ಈಗ ಸಾವಿನ್ಯೋನ್ ಬ್ಲಾಂಕ್‌ನ ಒಂದು ಗುಟುಕು: ಅದರ ಹುಳಿ ಎಣ್ಣೆಯ ಪದರವನ್ನು ಸೀಳುತ್ತದೆ, ಹುಣಸೆಗೆ ಸರಿಸಮ ನಿಲ್ಲುತ್ತದೆ, ಹಸಿರು ಸೊಪ್ಪಿನಂಥ ಅದರ ವಾಸನೆ ಕೊತ್ತಂಬರಿಯ ಜೊತೆ ಬೆರೆಯುತ್ತದೆ, ಆದರೆ ಗುರೆಳ್ಳಿನ ಗಾಢತೆಯ ಮುಂದೆ ತೆಳುವಾಗಿ ಬೇಗ ಮರೆಯಾಗುತ್ತದೆ. ಇನ್ನೊಂದು ತುತ್ತಿನ ನಂತರ ಸಾಂಜೊವೇಸೆ: ಇದರಲ್ಲಿ ಹುಳಿಯೂ ಒಗರೂ ಎರಡೂ ಇವೆ. ಒಗರನ್ನು ಎಣ್ಣೆ ತಗ್ಗಿಸಿದ್ದರಿಂದ ಹುಳಿಚೆರಿಯಂಥ ಹಣ್ಣಿನ ರುಚಿ ಮೇಲೆ ಬರುತ್ತದೆ. ಮೂರನೆಯ ಸಲ ಓಕ್ ಪೀಪಾಯಿಯಲ್ಲಿ ಇಟ್ಟ, ಎಳೆಯ ಕ್ಯಾಬರ್ನೆ: ಹುರಿದ ಶೇಂಗಾಕ್ಕೂ ಓಕಿನ ಸುಟ್ಟ ಘಮಕ್ಕೂ ನಂಟು ಕಾಣುತ್ತದೆ, ಆದರೆ ಬೆಲ್ಲದ ಸಿಹಿ ಒಗರನ್ನು ಎಬ್ಬಿಸುತ್ತದೆ, ಕೊನೆಯಲ್ಲಿ ಮದ್ಯಸಾರವೂ ಖಾರವೂ ಕೂಡಿ ಉರಿಯುತ್ತವೆ. ಒಂಟಿ ಪರೀಕ್ಷೆಯಲ್ಲಿ ಮೊದಲ ಸ್ಥಾನ ಸಿಗಬಹುದಾದ ವೈನ್ ಇಲ್ಲಿ ಕೊನೆಗೆ ನಿಲ್ಲುತ್ತದೆ.

ಮೀನಿಗೆ ಕೆಂಪು ವೈನ್ ಏಕೆ ಒಗ್ಗದು

ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬ ಹಳೆಯ ಸೂತ್ರದ ಮೊದಲರ್ಧಕ್ಕೆ ರಸಾಯನಶಾಸ್ತ್ರದ ಆಧಾರ ದೊರೆತದ್ದು 2009ರಲ್ಲಿ. ಜಪಾನಿನ ವೈನ್ ಕಂಪನಿಯೊಂದರ ಸಂಶೋಧಕ ತಕಯೂಕಿ ತಮುರಾ ಮತ್ತು ಸಂಗಡಿಗರು ಹಲವಾರು ಕೆಂಪು, ಬಿಳಿ ವೈನುಗಳನ್ನು ಸಮುದ್ರದ ಸ್ಕಾಲಪ್ ಚಿಪ್ಪಿನ ಮಾಂಸದೊಂದಿಗೆ ಪರೀಕ್ಷಿಸಿದರು. ಬಾಯಲ್ಲಿ ಉಳಿಯುವ ಕೆಟ್ಟ ನೀಸು ವಾಸನೆಗೆ ಕಾರಣ ವೈನಿನಲ್ಲಿ ಕರಗಿರುವ ಕಬ್ಬಿಣದ ಅಯಾನು ಎಂದು ಕಂಡುಬಂತು; ಲೀಟರಿಗೆ 2 ಮಿಲಿಗ್ರಾಂ ಮೀರಿದಾಗ ಅದು ಗಮನಕ್ಕೆ ಬರುವಷ್ಟು ತೀವ್ರ. ಕಬ್ಬಿಣವನ್ನು ಕಟ್ಟಿಹಾಕುವ ವಸ್ತು ಸೇರಿಸಿದಾಗ ನೀಸು ಇಳಿಯಿತು.

ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಿಗೆ ಹೆಸರಾದ್ದರಿಂದ ಸುತ್ತಲಿನ ವೈನಿನಲ್ಲೂ ಕಬ್ಬಿಣ ಹೆಚ್ಚಿರುತ್ತದೆ ಎಂದು ಹೇಳಲಾಗದು. ವೈನಿನ ಕಬ್ಬಿಣದ ಪ್ರಮಾಣ ಮಣ್ಣಿನ ಮೇಲಷ್ಟೇ ಅಲ್ಲ, ಹಣ್ಣಿಗಂಟಿದ ಧೂಳು, ಪಾತ್ರೆ, ಯಂತ್ರ, ಹುದುಗಿನ ಕ್ರಮದ ಮೇಲೂ ನಿಂತಿದೆ. ಕೆಂಪು ವೈನುಗಳಲ್ಲೇ ಕಬ್ಬಿಣ ಕಡಿಮೆ ಇರುವವೂ ಇವೆ. ಬಣ್ಣ ನೋಡಿ ತೀರ್ಮಾನಿಸುವುದಕ್ಕಿಂತ ಮೀನಿನ ಜೊತೆ ರುಚಿ ನೋಡುವುದೇ ಸರಿಯಾದ ಪರೀಕ್ಷೆ. ತುಂಗಭದ್ರಾ ಜಲಾಶಯದ ರೋಹು, ಕಾಟ್ಲಾಗಳನ್ನು ಹುಣಸೆಹುಳಿ, ಬೆಳ್ಳುಳ್ಳಿ, ಖಾರದ ಪುಡಿಯಲ್ಲಿ ಬೇಯಿಸುವುದರಿಂದ ಇಲ್ಲಿ ಮೀನಿನಷ್ಟೇ ಮಸಾಲೆಯೂ ತೀರ್ಪು ಹೇಳುತ್ತದೆ.

ಒಂದೇ ತಟ್ಟೆ, ಹಲವು ರುಚಿ

ಒಂದು ತಿನಿಸಿಗೆ ಒಂದು ವೈನ್ ಎಂಬ ಪದ್ಧತಿ ಯುರೋಪಿನಲ್ಲೂ ತೀರ ಹಳೆಯದಲ್ಲ. ಅಡುಗೆಯನ್ನೆಲ್ಲ ಒಟ್ಟಿಗೆ ಮೇಜಿನ ಮೇಲೆ ಹರಡುವ ಕ್ರಮ ಹೋಗಿ, ಒಂದಾದ ಮೇಲೊಂದು ತಂದು ಬಡಿಸುವ ‘ರಷ್ಯನ್ ಬಡಿಸುವಿಕೆ’ 19ನೇ ಶತಮಾನದಲ್ಲಿ ರೂಢಿಗೆ ಬಂದ ಮೇಲೆ ಅದು ಬಲಗೊಂಡಿತು. ರೊಟ್ಟಿ ಊಟದಲ್ಲಿ ಎಲ್ಲವೂ ಒಂದೇ ತಟ್ಟೆಯಲ್ಲಿ, ಒಂದೇ ಹೊತ್ತಿನಲ್ಲಿ ಇರುತ್ತವೆ. ಉಣ್ಣುವವರು ತುತ್ತು ತುತ್ತಿಗೂ ಪ್ರಮಾಣ ಬದಲಿಸುತ್ತಾರೆ. ಒಂದು ತುತ್ತಿನಲ್ಲಿ ಖಾರ ಮುಂದಾದರೆ ಇನ್ನೊಂದರಲ್ಲಿ ಮೊಸರು. ಇಂಥ ಊಟದಲ್ಲಿ ಎಣ್ಣೆಗಾಯಿಗೆ ಒಂದು ಗ್ಲಾಸು, ಪುಂಡಿ ಪಲ್ಯಕ್ಕೆ ಇನ್ನೊಂದು ಎಂದು ಜೋಡಿಸುವುದು ಹೊಂದದ ಮಾತು.

ಹಾಗಾಗಿ ಅಳತೆಗೋಲು ಬದಲಾಗುತ್ತದೆ. ಯಾವುದೋ ಒಂದು ಪಲ್ಯದ ಜೊತೆ ಅದ್ಭುತವಾಗಿ, ಉಳಿದವುಗಳ ಜೊತೆ ಕೆಡುವ ವೈನಿಗಿಂತ, ತಟ್ಟೆಯ ಯಾವ ಮೂಲೆಯಲ್ಲೂ ಕೆಡದ ವೈನಿಗೆ ಹೆಚ್ಚು ಅಂಕ. ತಟ್ಟೆಯ ಅತಿ ಖಾರದ, ಅತಿ ಹುಳಿಯ, ಅತಿ ಸಿಹಿಯ ಪದಾರ್ಥಗಳನ್ನು ಮೊದಲೇ ಗುರುತಿಸಿ ಆ ಮೂರರ ಎದುರೂ ವೈನನ್ನು ನಿಲ್ಲಿಸಬೇಕು. ಮೂರಲ್ಲಿ ಅದರ ಅತಿ ಕೆಟ್ಟ ಪ್ರದರ್ಶನವೇ ಅದರ ಅಂಕ. ಈ ಲೆಕ್ಕದಲ್ಲಿ ಮುಂದೆ ಬರುವುದು ಹುಳಿ ಚುರುಕಾಗಿರುವ, ಒಗರು ಮಿತವಾಗಿರುವ, ಮದ್ಯಸಾರ ಶೇಕಡ 13ರೊಳಗಿರುವ, ಓಕ್ ವಾಸನೆ ಅತಿಯಾಗದ ವೈನು. ರೋಸೆ, ಹಗುರ ಕೆಂಪು, ಅರೆಸಿಹಿ ಬಿಳಿ ವೈನುಗಳಿಗೆ ಇಲ್ಲಿ ಅನುಕೂಲ ಹೆಚ್ಚು.

ಪರೀಕ್ಷೆಯ ಕ್ರಮ

ಊಟದ ಜೊತೆಗಿನ ಪರೀಕ್ಷೆ ಕ್ರಮಬದ್ಧವಾಗಿದ್ದರೆ ಮಾತ್ರ ಫಲಿತಾಂಶ ನಂಬಬಹುದು. ಮೊದಲು ವೈನನ್ನು ಒಂಟಿಯಾಗಿ ರುಚಿ ನೋಡಿ ಹುಳಿ, ಸಿಹಿ, ಒಗರು, ಮದ್ಯಸಾರದ ಉರಿ, ಹಣ್ಣಿನ ಸೊಗಡು, ರುಚಿ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಬರೆದುಕೊಳ್ಳಬೇಕು. ನಂತರ ಪದಾರ್ಥವನ್ನು ಒಂಟಿಯಾಗಿ ನೋಡಬೇಕು. ಮೂರನೆಯದಾಗಿ ತುತ್ತು ನುಂಗಿ, ಬಾಯಿ ತೊಳೆಯದೆ ಒಂದು ಗುಟುಕು. ನಾಲ್ಕನೆಯದಾಗಿ ಮತ್ತೆ ಒಂದು ತುತ್ತು. ಈ ಕೊನೆಯ ಹೆಜ್ಜೆಯನ್ನು ಬಹಳ ಮಂದಿ ಬಿಡುತ್ತಾರೆ. ಆದರೆ ವೈನ್ ಊಟದ ರುಚಿಯನ್ನು ಹೆಚ್ಚಿಸಿತೋ ಕೆಡಿಸಿತೋ ಎಂದು ತಿಳಿಯುವುದು ಅಲ್ಲಿಯೇ.

ಅಂಕಕ್ಕಿಂತ ದಿಕ್ಕನ್ನು ಗುರುತಿಸುವ ಗೆರೆ ಹೆಚ್ಚು ಉಪಯುಕ್ತ. ಒಂದು ತುದಿಯಲ್ಲಿ ‘ಊಟವೇ ಗೆದ್ದಿತು’, ಇನ್ನೊಂದು ತುದಿಯಲ್ಲಿ ‘ವೈನೇ ಗೆದ್ದಿತು’, ನಡುವೆ ‘ಎರಡೂ ಸಮ’. ರುಚಿಯ ಅಧ್ಯಯನಗಳಲ್ಲಿ ಇಂಥ ನಡುಗೆರೆಯ ಮಾಪಕ ಬಳಕೆಯಲ್ಲಿದೆ. ಎಲ್ಲಿ ತಪ್ಪಿತು ಎಂಬುದನ್ನು ಅದು ತಿಳಿಸುತ್ತದೆ. 87 ಎಂಬ ಅಂಕ ತಿಳಿಸುವುದಿಲ್ಲ.

ಬಾಟಲಿಯ ಹೆಸರು, ಬೆಲೆ ಕಾಣದಂತೆ ಮುಚ್ಚಿಡಬೇಕು. ಕ್ಯಾಪ್ಸೈಸಿನ್‌ನ ಉರಿ ಒಂದರ ಮೇಲೊಂದು ಕೂಡುತ್ತ ನಿಮಿಷಗಟ್ಟಲೆ ಉಳಿಯುವುದರಿಂದ ಖಾರದ ಪದಾರ್ಥ ಕೊನೆಗೆ ಬರಬೇಕು. ನಡುವೆ ಬಾಯಿ ಸ್ವಚ್ಛಕ್ಕೆ ಬರೀ ಅನ್ನ ಅಥವಾ ಒಣ ರೊಟ್ಟಿಯ ಚೂರು ಸಾಕು. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕೆಂಬ ಸೂತ್ರ ತಣ್ಣನೆಯ ಯುರೋಪಿನ ಕೋಣೆಗಳದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಹೊಸಪೇಟೆಯಲ್ಲಿ ಅದನ್ನು ಪಾಲಿಸಿದರೆ ಮದ್ಯಸಾರದ ಘಾಟು ಬಿಟ್ಟು ಬೇರೇನೂ ತಿಳಿಯದು. ಕೆಂಪು ವೈನಿಗೆ 16ರಿಂದ 18 ಡಿಗ್ರಿ, ಬಿಳಿ ವೈನಿಗೆ 8ರಿಂದ 12 ಡಿಗ್ರಿ ಇರುವಂತೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು.

ಊಟ ಮುಚ್ಚುವ ದೋಷ

ಊಟದ ಪರೀಕ್ಷೆಗೂ ಮಿತಿಯಿದೆ. ಕೊಳ್ಳುವಾಗ ಸೇಬು, ಮಾರುವಾಗ ಚೀಸ್ ಎಂಬುದು ಯುರೋಪಿನ ವೈನ್ ವ್ಯಾಪಾರಿಗಳ ಹಳೆಯ ಗುಟ್ಟು. ಸೇಬಿನ ಹುಳಿ ಸಿಹಿಗಳು ವೈನಿನ ಕುಂದನ್ನು ಎತ್ತಿ ತೋರಿಸುತ್ತವೆ. ಚೀಸಿನ ಉಪ್ಪು, ಕೊಬ್ಬು, ಪ್ರೊಟೀನುಗಳು ಮುಚ್ಚುತ್ತವೆ. 2006ರಲ್ಲಿ ಡೇವಿಸ್‌ನ ಹಿಲ್ಡೆಗಾರ್ಡ್ ಹೇಮನ್ ಮತ್ತು ಬೆರೆನೀಸ್ ಮಾಡ್ರಿಗಲ್ ಗಲಾನ್ ಎಂಟು ಚೀಸುಗಳನ್ನು ಎಂಟು ಕೆಂಪು ವೈನುಗಳ ಜೊತೆ ಪರೀಕ್ಷಿಸಿದಾಗ, ಚೀಸ್ ತಿಂದ ಮೇಲೆ ಒಗರು, ಕಹಿ ಮಾತ್ರವಲ್ಲ, ಹಣ್ಣಿನ ಸೊಗಡೂ ಇಳಿದದ್ದು ಕಂಡುಬಂತು. ಹೆಚ್ಚಿದ್ದು ಬೆಣ್ಣೆಯ ವಾಸನೆಯೊಂದೇ. ಒಳ್ಳೆಯ ವೈನೂ ಸಾಧಾರಣ ವೈನೂ ಒಂದಕ್ಕೊಂದು ಹತ್ತಿರ ಬಂದವು. ಶೇಂಗಾ ಎಣ್ಣೆ, ಉಪ್ಪು, ಮೊಸರು ಕೂಡಿದ ಊಟವೂ ಇದೇ ಕೆಲಸ ಮಾಡಬಲ್ಲದು. ಹೀಗಾಗಿ ತಟ್ಟೆಯ ಜೊತೆ ಹಿತವಾದದ್ದೆಲ್ಲ ಚೆನ್ನಾಗಿ ತಯಾರಾದ ವೈನೆಂದು ಹೇಳಲು ಬರುವುದಿಲ್ಲ.

ನಾಲಿಗೆ ಯಾರದು ಎಂಬ ಪ್ರಶ್ನೆಯೂ ಇದೆ. ಕಹಿಯನ್ನು ತೀವ್ರವಾಗಿ ಅನುಭವಿಸುವವರೂ ಅಷ್ಟಾಗಿ ಅನುಭವಿಸದವರೂ ಹುಟ್ಟಿನಿಂದಲೇ ಬೇರೆ. ದಿನವೂ ಖಾರ ಉಣ್ಣುವವರಿಗೆ ಅದರ ಉರಿ ಮಂದ. ಕೆಂಪು ಖಾರದ ಎದುರು ಕ್ಯಾಬರ್ನೆ ಸೋತಿತೆಂದು ಲಂಡನ್ನಿನ ತೀರ್ಪುಗಾರ ಬರೆದರೆ, ಕಂಪ್ಲಿಯಲ್ಲಿ ಉಣ್ಣುವವನಿಗೆ ಅದು ಸೋಲೆಂದು ತೋರದೆ ಹೋಗಬಹುದು. ಒಂದು ಸೀಮೆಯ ಊಟಕ್ಕೆ ವೈನ್ ಹೊಂದುತ್ತದೆಯೇ ಎಂದು ಹೇಳುವ ಮಂಡಳಿಯಲ್ಲಿ ಆ ಊಟ ಉಂಡು ಬೆಳೆದವರಿರಬೇಕು. ಅವರ ಪಕ್ಕದಲ್ಲಿ ವೈನಿನ ದೋಷ ಗುರುತಿಸಲು ತರಬೇತಿ ಪಡೆದವರೂ ಬೇಕು. 2016ರಲ್ಲಿ ಭಾರತದ ಮೊದಲ ‘ಮಾಸ್ಟರ್ ಆಫ್ ವೈನ್’ ಆದ ಸೋನಲ್ ಹಾಲಂಡ್ ಅವರಂತೆ ಎರಡೂ ನಾಲಿಗೆ ಇರುವವರು ದೇಶದಲ್ಲಿ ಇನ್ನೂ ಕೆಲವೇ ಮಂದಿ.

ಆದ್ದರಿಂದ ಒಂದೇ ವೈನಿಗೆ ಎರಡು ಪ್ರತ್ಯೇಕ ಅಂಕ ಇಡುವುದು ಸರಿಯಾದ ಕ್ರಮ. ಒಂಟಿ ಪರೀಕ್ಷೆಯ ಅಂಕ ತೋಟದ, ತಯಾರಿಕೆಯ ಗುಣ ಹೇಳುತ್ತದೆ. ಊಟದ ಅಂಕ ಬಳಕೆಯ ಗುಣ ಹೇಳುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ. ತಯಾರಕರಿಗೆ ಮೊದಲನೆಯದು ಬೇಕು. ರೊಟ್ಟಿ ಊಟಕ್ಕೆ ಬಾಟಲಿ ಆರಿಸುವವರು ನೋಡಬೇಕಾದದ್ದು ಎರಡನೆಯದನ್ನು.